ತಮ್ಮ ಸೋಲನ್ನು ತಾವೇ ನಕಲು ಮಾಡಿದವರು

ಇಂಗ್ಲಿಷ್ ಬಾರದ ಮನುಷ್ಯರೊಬ್ಬರು ಬರೆಯುತ್ತಿದ್ದಷ್ಟು ಚೆಂದದ ಇಂಗ್ಲಿಷನ್ನು ನಾನು ಕಾನ್ವೆಂಟಿನಲ್ಲೂ ಕಂಡಿಲ್ಲ. ಬೆಂಗಳೂರಿನಲ್ಲಿ ನಮಗೆ ಹ್ಯಾಂಡ್‌ರೈಟಿಂಗ್ ಕಲಿಸುತ್ತಿದ್ದ ಸಿಸ್ಟರ್, ಕಾಪರ್‌ಪ್ಲೇಟ್ ಎನ್ನುವುದು ಸ್ವರ್ಗದ ಆಫೀಸಿನಲ್ಲಿ ಬಳಸುವ ಅಕ್ಷರವೆಂದೇ ನಂಬಿದ್ದಳು. ನಮ್ಮ ಎದುರುಮನೆಯವರು ಬರೆದ ಒಂದು ಹಾಳೆಯನ್ನು ಆಕೆಗೆ ತೋರಿಸಿದ್ದರೆ, ಆ ಆಫೀಸು ಮಧುಗಿರಿಯಲ್ಲಿದೆ ಎಂದು ಒಪ್ಪಿಕೊಳ್ಳುತ್ತಿದ್ದಳು. ಆಮೇಲೆ, ಬರೆದವರು ಪ್ರೊಟೆಸ್ಟೆಂಟ್ ಅಲ್ಲ ತಾನೇ ಎಂದು ವಿಚಾರಿಸುತ್ತಿದ್ದಳು.

ಹೋದ ತಿಂಗಳು ಮನೆಯ ಹಳೆಯ ಪತ್ರವೊಂದಕ್ಕೆ ಸರ್ಟಿಫೈಡ್ ಕಾಪಿ ಬೇಕಾಗಿ ಒಂದು ಕಚೇರಿಗೆ ಹೋಗಿದ್ದೆ. ಹುಡುಗಿಯೊಬ್ಬಳು ಹಾಳೆಯನ್ನು ಯಂತ್ರದ ಮೇಲೆ ಬೋರಲು ಹಾಕಿದಳು, ಹಸಿರು ಬೆಳಕೊಂದು ಅತ್ತಿಂದಿತ್ತ ಓಡಿತು, ಬಿಸಿ ಹಪ್ಪಳದ ಹಾಗೆ ನಕಲು ಹೊರಗೆ ಬಿತ್ತು. ಅಂಚೆಲ್ಲ ಕಪ್ಪು. "ಆಯ್ತಾ?" ಎಂದೆ. "ಇನ್ನೇನು ಬೇಕಿತ್ತು ಅಜ್ಜಿ?" ಎಂದಳು. ಏನು ಬೇಕಿತ್ತು ಎಂದು ಹೇಳೋಣವೆಂದರೆ ನನ್ನ ಹಿಂದೆ ಕ್ಯೂ ಬಹಳ ಉದ್ದವಿತ್ತು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮಹಾರಾಜರ ಕಾಲ ಅದು. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಕೋರ್ಟಿನ ತೀರ್ಪಿನ ಪ್ರತಿ ಯಾರಿಗಾದರೂ ಬೇಕಾದರೆ ಅರ್ಜಿ ಕೊಡಬೇಕಿತ್ತು. ಕೋರ್ಟಿನ ಹಿಂಬದಿಯ ಉದ್ದ ಕೋಣೆಯಲ್ಲಿ ಕೂತ ನಕಲುಗಾರರು ಅದನ್ನು ಒಂದು ಅಕ್ಷರ ಬಿಡದೆ ಕೈಯಲ್ಲಿ ಬರೆದು ಕೊಡಬೇಕಿತ್ತು. ಕೊನೆಯಲ್ಲಿ 'ನಕಲು ಮಾಡಿದವರು' ಎಂಬ ಜಾಗದಲ್ಲಿ ಅವರ ರುಜು ಬೀಳಬೇಕಿತ್ತು. ಟೈಪ್‌ರೈಟರ್ ಇರಲಿಲ್ಲವೆಂದಲ್ಲ. ಒಂದನ್ನು ತರಿಸಿ, ಮಖಮಲ್ಲಿನ ಹೊದಿಕೆ ಹಾಕಿ, ಮುನ್ಸೀಫರ ಕೋಣೆಯಲ್ಲಿ ದೇವರ ಹಾಗೆ ಇಟ್ಟಿದ್ದರು. ಅದರಲ್ಲಿ ಎರಡು ಅಕ್ಷರ ಬೀಳುತ್ತಿರಲಿಲ್ಲ, ರಿಪೇರಿಗೆ ಬರೆದು ಎರಡು ವರ್ಷವಾಗಿತ್ತು.

ನಕಲುಗಾರರು ಇಬ್ಬರು. ಒಬ್ಬರು ಸಿರಾದಿಂದ ಬಂದ ಸಾಹೇಬರು. ಇನ್ನೊಬ್ಬರು ನಮ್ಮ ಎದುರುಮನೆಯವರು. ಊರೆಲ್ಲ ಅವರನ್ನು ನಕಲಪ್ಪನೋರು ಎನ್ನುತ್ತಿತ್ತು. ಬರಗೂರಿನ ಕಡೆಯ ಬೇಸಾಯದ ಮನೆತನ. ಆ ಮನೆತನದಲ್ಲಿ ಲೇಖನಿ ಹಿಡಿದವರಲ್ಲಿ ಇವರೇ ಮೊದಲಿಗರು. ಶಾಲೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಕಲಿತರು, ಇಂಗ್ಲಿಷ್ ಕಲಿಯಲಿಲ್ಲ. ಅದೊಂದು ಕೊರತೆ ಎಂದು ಅವರಿಗೆ ಎಂದೂ ಅನ್ನಿಸಲಿಲ್ಲ. ನಾನು ಒಮ್ಮೆ ಕಾನ್ವೆಂಟಿನ ಗರ್ವದಲ್ಲಿ, "ಅರ್ಥ ಗೊತ್ತಿಲ್ಲದೆ ಹೇಗೆ ಬರೀತೀರಿ?" ಎಂದು ಕೇಳಿದ್ದೆ.

"ಅಕ್ಸರ ನಮ್ದು ಕಣವ್ವ, ಅರ್ಥ ಅವರ್ದು," ಎಂದರು. "ಅರ್ಥ ನೋಡ್ಕಂಡು ಬರೆಯೋನ ಕೈ ನಡುಗ್ತದೆ."

ಈ ತತ್ತ್ವದಿಂದ ಅವರಿಗೆ ಒಂದು ಅನರ್ಥವೂ ಆಗಿತ್ತು. ಅವರ ಮಾವನವರ ಹೊಲದ ವ್ಯಾಜ್ಯದ ತೀರ್ಪು ಇವರ ಕೈಗೇ ನಕಲಿಗೆ ಬಂತು. ಇವರು ಮೂರು ದಿನ ಕೂತು ಬರೆದು, ಇಷ್ಟು ಚೆಂದದ ನಕಲು ಈ ತಾಲ್ಲೂಕಿನಲ್ಲಿ ಯಾರಿಗೂ ಸಿಕ್ಕಿಲ್ಲವೆಂದು ಬೀಗಿ, ಮಾವನವರ ಮನೆಗೆ ತಾವೇ ಒಯ್ದು ಕೊಟ್ಟು, ಒಬ್ಬಟ್ಟಿನ ಊಟ ಮಾಡಿ ಬಂದರು. ಮಾರನೆಯ ದಿನ ಅದನ್ನು ಓದಿಸಿದಾಗ ಹೊಲ ಹೋಗಿದೆ ಎಂದು ಮಾವನವರಿಗೆ ತಿಳಿಯಿತು. ಇವರ ಹೆಂಡತಿ ಈರಕ್ಕ ಆ ಒಬ್ಬಟ್ಟನ್ನು ಸಾಯುವವರೆಗೂ ಮರೆಯಲಿಲ್ಲ. "ನಮ್ಮಪ್ಪನ ಹೊಲ ಹೋಗಿದ್ದು ನಂಗೆ ಬೇಜಾರಿಲ್ಲ ಕಣವ್ವ. ಸೊಟ್ಟಗೆ ಬರ್ದಿದ್ರೆ ಅನುಮಾನನಾರ ಬತ್ತಿತ್ತು," ಎನ್ನುತ್ತಿದ್ದಳು.

ನಕಲಪ್ಪನವರು ತೆಳ್ಳಗಿನ ಆಳು. ತಲೆಗೆ ರುಮಾಲು, ಮೈಗೆ ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಕಾಲಿಗೆ ಏನೂ ಇಲ್ಲ. ಮಸಿಯಲ್ಲಿ ಬದುಕಿದ ಮನುಷ್ಯ, ಕೋಟಿನ ಮೇಲೆ ಒಂದು ಚುಕ್ಕೆ ಮಸಿ ನಾನು ನೋಡಲಿಲ್ಲ. ಮದುವೆಯ ಕರೆಯೋಲೆ ಕೊಟ್ಟರೆ ಗಂಡು ಯಾರು ಹೆಣ್ಣು ಯಾರು ಎಂದು ನೋಡುತ್ತಿರಲಿಲ್ಲ. ದೂರ ಹಿಡಿದು, ಹತ್ತಿರ ಹಿಡಿದು, "ಸಾಲು ಬಗ್ಗೈತೆ," ಎನ್ನುತ್ತಿದ್ದರು. ಪೇಟೆಯಲ್ಲಿ ಒಂದು ಅಂಗಡಿಯ ಬೋರ್ಡಿನ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವೆಂದು ಅವರು ಆ ಬೀದಿಯನ್ನೇ ಬಿಟ್ಟು ಸುತ್ತು ಬಳಸಿ ಕೋರ್ಟಿಗೆ ಹೋಗುತ್ತಿದ್ದರು. ಐ ಮಸ್ಟ್ ಸೇ, ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಕೂಡ ಅಷ್ಟು ದೊಡ್ಡ ಸ್ನಾಬ್ ಅಲ್ಲ.

ಇಂಥವರ ಬಲಗೈಯನ್ನು ಸರ್ಕಾರದ ಹೋರಿಯೊಂದು ಜಜ್ಜಿಹಾಕಿತು.

ಸಿರಾದ ದಾರಿಯಲ್ಲಿ, ರೈತರ ದನಗಳ ತಳಿ ಸುಧಾರಿಸಲೆಂದು ಸರ್ಕಾರದವರು ಒಂದು ಹೋರಿಯನ್ನು ಕಟ್ಟಿದ್ದರು. ಆನೆಯಂಥ ಹೋರಿ, ತೊಡೆಯ ಮೇಲೆ ಸರ್ಕಾರದ ಬರೆ. ತಳಿ ಸುಧಾರಿಸಿತೋ ಇಲ್ಲವೋ, ಸುತ್ತಿನ ಹಳ್ಳಿಗಳವರು ಅದನ್ನು ಬಸವಣ್ಣ ಮಾಡಿಬಿಟ್ಟರು. ಬಂದವರೆಲ್ಲ ಅದರ ಕಾಲಿಗೆ ನೀರು ಹಾಕಿ, ಹಣೆಗೆ ಅರಿಶಿನ ಹಚ್ಚಿ, ಕೊಂಬಿಗೆ ಹೂ ಸುತ್ತಿ, ಬೆಲ್ಲ ತಿನ್ನಿಸಿ ಹೋಗುತ್ತಿದ್ದರು. ಸರ್ಕಾರಿ ನೌಕರಿ, ದೇವರ ಮರ್ಯಾದೆ, ಎರಡೂ ಸಿಕ್ಕಿದ ಮೇಲೆ ಆ ಹೋರಿಯ ತಲೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ; ಮನುಷ್ಯರಿಗೇ ತಿರುಗುತ್ತದೆ. ಅದರ ದೊಡ್ಡಿಯ ಗೇಟಿನ ಚಿಲಕ ಮುರಿದು ತಿಂಗಳುಗಳಾಗಿದ್ದವು. ಹಗ್ಗ ಕಟ್ಟಿದ್ದರು.

ಕಾರಹುಣ್ಣಿಮೆಯ ಹಿಂದಿನ ದಿನ ನಕಲಪ್ಪನವರು ಹಬ್ಬದ ರಜೆಯಲ್ಲಿ ಕೂತು ಬರೆಯಲೆಂದು, ಅಪ್ಪಣೆ ಪಡೆದು, ಕೋರ್ಟಿನ ಕಾಗದದ ಕಟ್ಟೊಂದನ್ನು ಹಿಡಿದು ಬರಗೂರಿನ ಕಡೆಯ ತಮ್ಮ ಊರಿಗೆ ಹೊರಟಿದ್ದರು. ಹಗ್ಗ ಬಿಚ್ಚಿಕೊಂಡು ಹೋರಿ ಎದುರಾಯಿತು. ಉಳಿದವರೆಲ್ಲ ಕೈಮುಗಿದು ಪಕ್ಕಕ್ಕೆ ಸರಿದರು. ಇವರು ಕಟ್ಟನ್ನು ಬಿಸಾಡಿ ಓಡಿದ್ದರೆ ಏನೂ ಆಗುತ್ತಿರಲಿಲ್ಲ. ಕಾಗದ ಕೆಸರಿಗೆ ಬಿದ್ದೀತೆಂದು ಬಲಗೈಯನ್ನು ಎತ್ತಿ ಹಿಡಿದು ಒಂದು ಕಲ್ಲುಕಂಬಕ್ಕೆ ಒತ್ತಿಕೊಂಡು ನಿಂತರು. ಕೊಂಬು ಆ ಕೈಯನ್ನೇ ಕಂಬಕ್ಕೆ ಸೇರಿಸಿತು. ಕಾಗದಕ್ಕೆ ಏನೂ ಆಗಲಿಲ್ಲ. ಹೆಬ್ಬೆರಳು ಮಡಿಚಿದ್ದು ಮಡಿಚಿಯೇ ಉಳಿಯಿತು, ಮೂರು ಬೆರಳು ಮರದ ಚೂರಿನಂತಾದವು.

ಸರ್ಕಾರದ ಮೇಲೆ ದಾವಾ ಹಾಕಿ ಎಂದು ಹೇಳಿದವರು ನಮ್ಮ ತಂದೆ. ಅವರು ಊರಿನಲ್ಲಿ ಪ್ಲೀಡರು. ಸರ್ಕಾರದ ಮೇಲೆ ದಾವಾ ಹಾಕುವ ಅವಕಾಶ ಅವರಿಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಕೋರ್ಟಿನ ಶಿರಸ್ತೇದಾರರು ನಕಲಪ್ಪನವರನ್ನು ಕರೆದು, ಉಣ್ಣುವ ತಟ್ಟೆಗೆ ಕಲ್ಲು ಹಾಕಿಕೊಳ್ಳಬೇಡವೆಂದು ಎಚ್ಚರಿಸಿದರಂತೆ. ಇವರು ಹೆದರಿದರು. ಆದರೆ ದಾವಾ ಬಿಡಲಿಲ್ಲ. "ಸರ್ಕಾರದ ಕಾಗದ ಉಳಿಸಾಕೆ ಹೋಗಿ ಹಿಂಗಾಗೈತೆ. ಆಗೈತೆ ಅಂತ ಅವರು ಒಂದು ಮಾತು ಬರ್ದು ಕೊಡ್ಲಿ," ಎನ್ನುತ್ತಿದ್ದರು.

ಸಾಕ್ಷಿಗಳ ವಿಚಾರಣೆಯನ್ನು ನಮ್ಮ ತಂದೆ ಊಟಕ್ಕೆ ಕೂತಾಗಲೆಲ್ಲ ಅಭಿನಯಿಸಿ ತೋರಿಸುತ್ತಿದ್ದರು. ಕಣ್ಣಾರೆ ಕಂಡ ಹತ್ತು ಜನರಲ್ಲಿ ಬಸವಣ್ಣನ ಮೇಲೆ ಸಾಕ್ಷಿ ಹೇಳಲು ಒಪ್ಪಿ ಬಂದವನು ಒಬ್ಬ.

"ಹೋರಿ ಇವರನ್ನು ಗುದ್ದಿದ್ದು ನೋಡಿದೆಯಾ?"

"ಬಸವಣ್ಣ ಗುದ್ಲಿಲ್ಲ ಬುದ್ಧಿ. ಮುಟ್ತು."

"ಗೇಟಿಗೆ ಚಿಲಕ ಇತ್ತಾ?"

"ಅದು ಬರೋ ಹೊತ್ಗೆ ತಾನಾಗೇ ತಕ್ಕಂಡ್ತು ಬುದ್ಧಿ."

ಸರ್ಕಾರದ ಪರ ವಕೀಲರು ಇದನ್ನೇ ಹಿಡಿದುಕೊಂಡು, ಇದು ಆಕ್ಟ್ ಆಫ್ ಗಾಡ್, ದೈವದ ಕೃತ್ಯ, ಎಂದು ಅರ್ಧ ಗಂಟೆ ವಾದಿಸಿದರು. ಮುನ್ಸೀಫರು ಅಷ್ಟು ದೂರ ಹೋಗಲಿಲ್ಲ. ಹೋರಿ ಸರ್ಕಾರದ್ದು ಎಂದರು. ಗೇಟು ಸರ್ಕಾರದ್ದು, ಚಿಲಕ ಇಲ್ಲದ್ದು ಸರ್ಕಾರದ ತಪ್ಪು ಎಂದೂ ಬರೆದರು. ಇಷ್ಟು ಬರೆದ ಮೇಲೆ ದಾವಾ ವಜಾ ಮಾಡಿದರು.

ಏಕೆಂದು ನಕಲಪ್ಪನವರಿಗೆ ಓದಿ ಹೇಳಿದವಳು ನಾನೇ. ನನಗೆ ಹದಿನೈದು, ಬೇಸಗೆಯ ರಜೆಗೆ ಬಂದಿದ್ದೆ. ನಕಲು ತೆಗೆಯುವ ನೆಪದಲ್ಲಿ ಅವರು ಮೂಲ ತೀರ್ಪನ್ನೇ ಪಂಚೆಯಲ್ಲಿ ಸುತ್ತಿ ಮನೆಗೆ ತಂದಿದ್ದರು. ಅಪ್ಪಣೆಯಿಲ್ಲದೆ ಹಾಗೆ ತರಬಾರದು. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಅರ್ಥ ಬೇಕು ಎಂದು ಅವರು ಕೇಳಿದ್ದು ಅದೇ ಮೊದಲು. ನಮ್ಮ ಜಗಲಿಯ ಮೇಲೆ ಕೂತು ನಾನು ಒಂದೊಂದೇ ವಾಕ್ಯವನ್ನು ಕನ್ನಡ ಮಾಡುತ್ತ ಹೋದೆ. 'ವಾದಿಯು ಪ್ರತಿದಿನ ಕೈಯಲ್ಲಿ ಲೇಖನಿ ಹಿಡಿದು ತನ್ನ ಮೇಜಿನ ಮುಂದೆ ಕುಳಿತಿರುವುದನ್ನು ನಾನೇ ಕಾಣುತ್ತಿದ್ದೇನೆ. ಅವನ ಕೈಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಿಲ್ಲ.'

ನಡೆದದ್ದು ಇಷ್ಟೇ: ಕೈ ಹೋದ ಮೇಲೆ ಕೆಲಸ ಹೋಗದಿರಲೆಂದು ಸಿರಾದ ಸಾಹೇಬರು ಎರಡು ವರ್ಷದಿಂದ ಇವರ ಪಾಲಿನ ಹಾಳೆಗಳನ್ನೂ ತಾವೇ ಬರೆಯುತ್ತಿದ್ದರು. "ಫಿಕರ್ ಮತ್ ಕರೋ ಭಾಯಿ, ನೀವು ಬರೇ ಕೂತ್ಕೊಳ್ಳಿ," ಎಂದಿದ್ದರು. ಇವರು ಎರಡು ಬೆರಳ ನಡುವೆ ಲೇಖನಿ ಸಿಕ್ಕಿಸಿಕೊಂಡು, ಕೂತಿದ್ದರು. ಸಾಹೇಬರ ಒಳ್ಳೆಯತನ ಮುನ್ಸೀಫರ ಕಿಟಕಿಯಿಂದ ಕಾಣುತ್ತಿರಲಿಲ್ಲ; ಲೇಖನಿ ಕಾಣುತ್ತಿತ್ತು.

"ಅಂದ್ರೆ ನಾನು ಸುಳ್ಳು ಹೇಳ್ದೆ ಅಂತ ಬರ್ದವ್ರೆ," ಎಂದರು ನಕಲಪ್ಪನವರು.

"ಹಾಗೆ ಬರೆದಿಲ್ಲ. ನಷ್ಟ ಆಗಿಲ್ಲ ಅಂತ ಬರೆದಿದ್ದಾರೆ."

"ಅದೇ ಕಣವ್ವ. ಇಂಗ್ಲಿಷ್ನಾಗೆ ಮರ್ವಾದೆಯಾಗಿ ಬರ್ದವ್ರೆ."

ಅಪೀಲು ತುಮಕೂರಿಗೆ ಹೋಗಬೇಕು. ಅಪೀಲಿನ ಜೊತೆಗೆ ಕೆಳಗಿನ ಕೋರ್ಟಿನ ತೀರ್ಪಿನ ನಕಲು ಇರಲೇಬೇಕು. ನಕಲು ತಯಾರಾಗುವ ದಿನಗಳು ವಾಯಿದೆಯ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ತಂದೆಗೆ ಒಂದು ಬ್ರಿಲಿಯಂಟ್ ಐಡಿಯಾ ಹೊಳೆಯಿತು. ಅವರು ನಕಲಪ್ಪನವರನ್ನು ಒಳಗೆ ಕರೆದು ಹೇಳಿದ್ದು ನನಗೆ ಆಮೇಲೆ ಗೊತ್ತಾಯಿತು. "ಈ ನಕಲನ್ನ ಸಾಹೇಬರಿಗೆ ಕೊಡಬೇಡಿ. ನೀವೇ ಬರೀರಿ, ಬಲಗೈಯಲ್ಲಿ. ಹೇಗೆ ಬರುತ್ತೋ ಹಾಗೆ ಬರಲಿ. ಕೆಳಗೆ ನಿಮ್ಮ ರುಜು ಇರುತ್ತೆ. ಆ ಅಕ್ಷರ ಜಡ್ಜಿ ಕಣ್ಣಿಗೆ ಬಿದ್ದರೆ ಸಾಕು, ನಾನು ಬಾಯಿ ತೆಗೆಯೋದೇ ಬೇಡ."

ಇದು ಯಾವ ಮನುಷ್ಯನಿಗಾದರೂ ಕೊಡಬಹುದಾದ ಸಲಹೆ, ಆ ಮನುಷ್ಯರೊಬ್ಬರನ್ನು ಬಿಟ್ಟು.

ಅವರು ಬಲಗೈಯಲ್ಲಿ ಒಂದು ಹಾಳೆ ಬರೆದರು. ನಾನು ನೋಡಿದೆ. ಕಾಲು ಮುರಿದ ಕೋಳಿಯೊಂದು ಮಸಿ ತುಳಿದು ನಡೆದುಹೋದ ಹಾಗಿತ್ತು. ಅದನ್ನು ಅವರು ನಾಲ್ಕಾಗಿ ಮಡಚಿ ಒಲೆಗೆ ಹಾಕಿ ಬಂದು, ಲೇಖನಿಯನ್ನು ಎಡಗೈಗೆ ತೆಗೆದುಕೊಂಡು ಕೂತರು.

ಇಲ್ಲಿ ನನ್ನ ಉಪಕಾರ ಶುರುವಾಗುತ್ತದೆ. ನಾನು ಹುಟ್ಟಾ ಎಡಚಿ. ಕಾನ್ವೆಂಟಿನಲ್ಲಿ ಎಡಗೈ ಸೈತಾನನದ್ದೆಂದು ಗೆಣ್ಣಿಗೆ ರೂಲರಿನಿಂದ ಹೊಡೆದು ಬಲಗೈಯಲ್ಲಿ ಬರೆಯಿಸಿದ್ದರು. ಹಾಸ್ಟೆಲಿನಲ್ಲಿ ಸಿಸ್ಟರ್ ಇಲ್ಲದಾಗ ಮಾತ್ರ ಎಡಗೈಯಲ್ಲಿ ಬರೆದು ಸುಖಪಡುತ್ತಿದ್ದೆ. ಎಡಗೈಯವರು ಹಾಳೆಯನ್ನು ಎತ್ತ ವಾಲಿಸಬೇಕು, ಬರೆದದ್ದು ಒರೆಸಿಹೋಗದಂತೆ ಮೊಣಕೈ ಎಲ್ಲಿರಬೇಕು, ನಿಬ್ಬನ್ನು ಎಳೆಯುವುದರ ಬದಲು ಹೇಗೆ ತಳ್ಳಬೇಕು, ಎಲ್ಲ ನನಗೆ ಗೊತ್ತಿತ್ತು. ಅಷ್ಟು ವರ್ಷ ಯಾರಿಗೂ ಹೇಳಿಕೊಳ್ಳಲಾಗದ ವಿದ್ಯೆ. ಹೇಳಿಕೊಟ್ಟೆ. ರಜೆಯೆಲ್ಲ ಅದೇ ಕೆಲಸವಾಯಿತು. ಮೊದಲ ವಾರ ಬರಿಯ ಗೆರೆ, ಎರಡನೆಯ ವಾರ ಸೊನ್ನೆ, ಮೂರನೆಯ ವಾರಕ್ಕೆ ಅಕ್ಷರಗಳು ಎದ್ದು ನಿಂತವು. ನಲವತ್ತೈದು ದಾಟಿದ ಆ ಮನುಷ್ಯರು ಸೊಂಟವಿರುವ ಒಂದು 'ಎಸ್' ಬಂದ ದಿನ ನಮ್ಮ ಜಗಲಿಗೆ ಓಡಿಬಂದು ತೋರಿಸಿದ್ದರು. ನನಗೆ ಪ್ರೌಡ್ ಅನ್ನಿಸಿತು, ಮೈ ಡಿಯರ್. ಈಗಲೂ ಅನ್ನಿಸುತ್ತದೆ, ಅದೇ ನನ್ನ ಶಿಕ್ಷೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಹೊಸ ನಿಬ್ಬು ಕೊಡಲೆಂದು ಅವರ ಮನೆಗೆ ಹೋದೆ. ಬಾಗಿಲು ಓರೆಯಾಗಿತ್ತು. ನಡುಮನೆಯಲ್ಲಿ ಅವರು ಮಣೆಯ ಮೇಲೆ ಕೂತಿದ್ದರು. ಈರಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಅವರ ಬಾಯಿಗೆ ಹಾಕುತ್ತಿದ್ದಳು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಔಷಧಿ ಕುಡಿಯುವ ಮಕ್ಕಳು ಮುಚ್ಚಿಕೊಳ್ಳುವ ಹಾಗೆ.

ನಮ್ಮಲ್ಲಿ ಎಡಗೈಯಲ್ಲಿ ಉಣ್ಣುವುದಿಲ್ಲ. ಅದು ಯಾವ ಕೈ ಎಂದು ಎಲ್ಲರಿಗೂ ಗೊತ್ತು. ಬರೆಯುವುದಕ್ಕಾದರೆ ಎಡಗೈ ನಡೆದೀತು, ತುತ್ತಿಗೆ ನಡೆಯುವುದಿಲ್ಲ. ಮಡಿಚಿದ ಹೆಬ್ಬೆರಳಿನಲ್ಲಿ ಮುದ್ದೆ ಮುರಿಯುವುದೂ ಸಾಧ್ಯವಿಲ್ಲ. ಎರಡು ವರ್ಷದಿಂದ ಅವರು ಯಾವ ಮದುವೆಯ ಪಂಕ್ತಿಯಲ್ಲೂ ಕೂತಿರಲಿಲ್ಲವೆಂದು ನನಗೆ ಆಗ ಹೊಳೆಯಿತು. ಕರೆದಲ್ಲೆಲ್ಲ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು. ಊರಿನವರು ನಕಲಪ್ಪನೋರ ಹೊಟ್ಟೆಗೆ ಒಂದು ಕಷಾಯ ಕೂಡ ಹೇಳಿದ್ದರು.

ಸಂಜೆ ಅವರೇ ಬಂದರು. "ಕಂಡಿದ್ದು ಕಂಡಂಗೇ ಇರ್ಲಿ ಕಣವ್ವ. ನಿಮ್ಮಪ್ಪಾರಿಗೆ ಹೇಳ್ಬ್ಯಾಡ."

"ಯಾಕೆ? ಅದನ್ನೇ ಕೋರ್ಟಿಗೆ ಹೇಳಬಹುದಲ್ಲ. ಅದು ನಷ್ಟ ಅಲ್ಲವಾ?"

"ಕೋರ್ಟಿಗೆ ಹೇಳಿದ್ರೆ ಬರ್ಕತಾರೆ. ಬರ್ಕಂಡಿದ್ದನ್ನ ನಾಳೆ ಇನ್ನೊಬ್ಬ ನಕಲು ತೆಗೀತಾನೆ. ಹೆಂಡ್ರು ಕೈಲಿ ತುತ್ತು ತಿಂತಾನೆ ಅಂತ ಸರ್ಕಾರಿ ಕಾಗದದಾಗೆ ಊರೂರು ತಿರುಗ್ಬೇಕಾ ನಾನು? ಆಣೆ ಮಾಡು."

ನಾನು ಆಣೆ ಮಾಡಿದೆ. ಬೈಬಲ್ ಮೇಲೆ ಮಾಡಲೋ ದೇವರ ದೀಪದ ಮೇಲೆ ಮಾಡಲೋ ಎಂದು ಕೇಳಿದ್ದೂ ನೆನಪಿದೆ. ಹದಿನೈದು ವರ್ಷದ ಹುಡುಗಿಗೆ ರಹಸ್ಯ ಸಿಕ್ಕಿದ್ದೇ ಸಂಭ್ರಮ.

ಆ ದಿನಗಳನ್ನೆಲ್ಲ ಕಳೆದು ಉಳಿದ ವಾಯಿದೆಯೂ ಮುಗಿಯುವ ದಿನ ನಕಲು ನಮ್ಮ ತಂದೆಯ ಮೇಜಿಗೆ ಬಂತು. ತಂದೆ ಬಿಚ್ಚಿ ನೋಡಿದರು. ಹನ್ನೊಂದು ಹಾಳೆ. ಎಡಗೈಯಲ್ಲಿ ಬರೆದದ್ದರಿಂದ ಅಕ್ಷರಗಳು ನೆಟ್ಟಗೆ ನಿಂತು, ಬಲಗೈಯ ಕಾಲದ್ದಕ್ಕಿಂತ ಒಂದು ಕೈ ಮೇಲೇ ಆಗಿದ್ದವು. ಕೆಳಗೆ 'ನಕಲು ಮಾಡಿದವರು' ಎಂಬಲ್ಲಿ ರುಜು.

"ಇದೇನ್ರೀ ಇದು?"

"ನಕಲು ಸ್ವಾಮಿ."

"ನಾನು ಹೇಳಿದ್ದೇನು, ನೀವು ಮಾಡಿದ್ದೇನು?"

"ಬಲಗೈಲಿ ಬರೆದ್ರೆ ಓದಾಕಾಗಲ್ಲ ಸ್ವಾಮಿ. ಓದಾಕಾಗ್ದ ನಕಲಿಗೆ ನಾನು ರುಜು ಹಾಕಾಕಿಲ್ಲ."

"ಓದಕ್ಕಾಗಬಾರದು ಅಂತಲೇ ಕಣ್ರೀ ಬರೆಯೋಕೆ ಹೇಳಿದ್ದು."

"ಅದೆಂಗೆ ಸ್ವಾಮಿ," ಎಂದು ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಇನ್ನೊಂದು ಬರೆಸಲು ಹೊತ್ತಿರಲಿಲ್ಲ. ಜಡ್ಜಿಗಳ ಪೈಕಿ ಕೊನೆಯ ಹಾಳೆಯ ಕೊನೆಯ ಸಾಲನ್ನು ಓದುವವರು ಕಡಿಮೆ ಎಂದು ತಮಗೆ ತಾವೇ ಧೈರ್ಯ ಹೇಳಿಕೊಂಡು ನಮ್ಮ ತಂದೆ ಅದನ್ನೇ ಲಗತ್ತಿಸಿದರು.

ವಿಚಾರಣೆ ಬಂದದ್ದು ಕ್ರಿಸ್‌ಮಸ್ ರಜೆ ಮುಗಿದು ನಾನು ಹಾಸ್ಟೆಲಿಗೆ ಹಿಂದಿರುಗುವ ದಿನವೇ. ತುಮಕೂರಿನಲ್ಲಿ ನನ್ನನ್ನು ರೈಲು ಹತ್ತಿಸಬೇಕಾದ್ದರಿಂದ ತಂದೆ, ನಕಲಪ್ಪನವರು, ನಾನು, ಮೂವರೂ ಒಂದೇ ಬಸ್ಸಿನಲ್ಲಿ ಹೊರಟೆವು. ಕೊರಟಗೆರೆಯಲ್ಲಿ ಬಸ್ಸು ನಿಂತಾಗ ನಮ್ಮ ತಂದೆ ಇಡ್ಲಿ ಕೊಡಿಸುತ್ತೇನೆಂದರು. ಇವರು ಹೊಟ್ಟೆ ಸರಿಯಿಲ್ಲ ಎಂದರು. ನಾನು ಕಿಟಕಿಯ ಆಚೆ ನೋಡಿದೆ.

ತುಮಕೂರಿನ ಜಡ್ಜಿಗೆ ಗೂರಲು. ಅವರು ಕೆಮ್ಮುವುದೂ ಓದುವುದೂ ಒಟ್ಟೊಟ್ಟಿಗೆ ನಡೆಯಿತು. ನಾನು ಹಿಂದಿನ ಬೆಂಚಿನಲ್ಲಿ ಟ್ರಂಕಿನ ಪಕ್ಕ ಕೂತಿದ್ದೆ. ಜಡ್ಜಿ ನಕಲಿನ ಹಾಳೆಗಳನ್ನು ತಿರುವುತ್ತ ತಿರುವುತ್ತ, ಓದುವುದನ್ನು ಬಿಟ್ಟು ನೋಡತೊಡಗಿದರು. ಎಲ್ಲರಿಗೂ ಗೊತ್ತಾಗುತ್ತಿತ್ತು. ಕೊನೆಯ ಹಾಳೆಯ ಕೊನೆಯ ಸಾಲಿಗೂ ಬಂದರು.

"ಬ್ಯೂಟಿಫುಲ್ ಹ್ಯಾಂಡ್," ಎಂದರು. "ಯಾರು ಬರೆದದ್ದು?"

ನಮ್ಮ ತಂದೆ ಸುಳ್ಳು ಹೇಳುವ ಪ್ಲೀಡರಲ್ಲ. ಅದಕ್ಕೇ ನಾವು ಕೊನೆಯವರೆಗೂ ಬಾಡಿಗೆ ಮನೆಯಲ್ಲಿದ್ದೆವು. "ಅಪೀಲುದಾರರೇ, ಯುವರ್ ಆನರ್. ಎಡಗೈಯಲ್ಲಿ."

"ಎಡಗೈಯಲ್ಲಿ." ಜಡ್ಜಿ ಹಾಳೆಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ನಕಲಪ್ಪನವರ ಕಡೆಗೆ ತಿರುಗಿ, ಕನ್ನಡದಲ್ಲಿ, ತುಂಬ ಮೆತ್ತಗೆ ಕೇಳಿದರು. "ನೋಡಿ, ನಿಮ್ಮ ಬರವಣಿಗೆಗೆ ಏನೂ ಆಗಿಲ್ಲ. ಇದೇ ಹೇಳುತ್ತೆ. ಬರೆಯೋದು ಬಿಟ್ಟು ಬೇರೆ ಯಾವ ಕೆಲಸಕ್ಕೆ ಆ ಬಲಗೈ ಬರೋದಿಲ್ಲ? ಏನಿದ್ದರೂ ಹೇಳಿ. ಬರೆದುಕೊಳ್ಳುತ್ತೇನೆ."

ಜಡ್ಜಿ ಕೆಟ್ಟ ಮನುಷ್ಯರಲ್ಲ. ಬಾಗಿಲು ತೆಗೆದು ಹಿಡಿದಿದ್ದರು. ನಮ್ಮ ತಂದೆ ಕಕ್ಷಿಗಾರರ ಮುಖವನ್ನೇ ನೋಡುತ್ತಿದ್ದರು, ಏನಾದರೂ ಬಂದೀತೆಂದು. ನಕಲಪ್ಪನವರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ನಾನು ಎದ್ದು ಹೇಳಬಹುದಿತ್ತು. ಕೇಳದ ಹೊರತು ದೊಡ್ಡವರ ನಡುವೆ ಮಾತಾಡಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು; ಬೇಕಾದಾಗ ನೆನಪಿಗೆ ಬರುವ ಪಾಠ ಅದು. ಬಗ್ಗಿ ಶೂಸಿನ ಲೇಸು ಕಟ್ಟಿಕೊಂಡೆ. ಅದು ಕಟ್ಟಿಯೇ ಇತ್ತು.

"ಏನಿಲ್ಲ ಸ್ವಾಮಿ," ಎಂದರು ಅವರು. "ಎಲ್ಲಾಕ್ಕೂ ಬತ್ತದೆ."

ಅಪೀಲು ವಜಾ ಆಯಿತು. ನಮ್ಮ ತಂದೆ ನನ್ನ ಟ್ರಂಕು ಹಿಡಿದು ರೈಲ್ವೆ ಸ್ಟೇಷನ್ನಿನ ಕಡೆಗೆ ಮುಂದೆ ಮುಂದೆ ನಡೆದರು. ನಕಲಪ್ಪನವರು ನನ್ನ ಪಕ್ಕದಲ್ಲಿ ನಡೆಯುತ್ತ, "ಆಗ ಜಡ್ಜಿ ಏನೋ ಇಂಗ್ಲಿಷ್ನಾಗೆ ಅಂದ್ರಲ್ಲ, ಕಾಗದ ಹಿಡ್ಕಂಡು, ಏನದು?" ಎಂದು ಕೇಳಿದರು. ಹೇಳಿದೆ. ಅವರ ಮುಖ ಅರಳಿತು. ಎರಡು ವರ್ಷ ಹೋರಾಡಿ, ತಾವಾಗಿಯೇ ಸೋತು ಬಂದ ಮನುಷ್ಯನ ಮುಖ ಹಾಗೆ ಅರಳಬಾರದು. ನಾನು ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ರೈಲು ಹತ್ತಿದೆ.

ಮುಂದಿನ ಬೇಸಗೆಗೆ ಬಂದಾಗ ಅವರು ನನಗಾಗಿ ಕಾಯುತ್ತಿದ್ದರು. ತುಮಕೂರಿನ ತೀರ್ಪಿನ ನಕಲು ಬಂದು ತಿಂಗಳುಗಳಾಗಿದ್ದವು. ಅಲ್ಲಿಯ ನಕಲುಗಾರ ಯಾರೋ, ಹಾರಿಬಲ್ ಕೈ. ಅಕ್ಷರಗಳು ಜಾತ್ರೆ ಮುಗಿದ ಮೇಲಿನ ಜನರಂತೆ ಎತ್ತೆತ್ತಲೋ ಹೋಗುತ್ತಿದ್ದವು. ಸೋತದ್ದನ್ನು ಅವರು ತಡೆದುಕೊಂಡಿದ್ದರು, ತಮ್ಮ ಸೋಲು ಅಂಥ ಅಕ್ಷರದಲ್ಲಿ ಇರುವುದನ್ನು ತಡೆದುಕೊಳ್ಳಲಿಲ್ಲ. ಯಾರೂ ಕೇಳದೆ, ಎಡಗೈಯಲ್ಲಿ, ಅಂಚು ಬಿಟ್ಟು, ಸಾಲು ಹೊಡೆದು, ಇಡೀ ತೀರ್ಪನ್ನು ಇನ್ನೊಂದು ಸಲ ನಕಲು ಮಾಡಿ ಇಟ್ಟಿದ್ದರು.

"ಈಗ ಓದವ್ವ," ಎಂದರು.

ಅವರ ನಡುಮನೆಯಲ್ಲೇ ಕೂತು ಓದಿದೆ. ಮೂರೇ ಹಾಳೆ. ನಡುವೆ ಒಂದು ವಾಕ್ಯವಿತ್ತು. ಅದನ್ನು ಹಾರಿಸೋಣವೆಂದುಕೊಂಡೆ, ಅವರ ಕಣ್ಣು ಸಾಲಿನ ಮೇಲೇ ಇತ್ತು. ಅರ್ಥ ಗೊತ್ತಿಲ್ಲದಿದ್ದರೂ ಒಂದು ಸಾಲು ಬಿಟ್ಟರೆ ಅವರಿಗೆ ತಿಳಿಯುತ್ತದೆ. 'ಜೀವನದ ಎಲ್ಲ ಸಾಮಾನ್ಯ ಕೆಲಸಗಳಿಗೂ ತನ್ನ ಬಲಗೈ ಉಪಯೋಗಕ್ಕೆ ಬರುತ್ತದೆಂದು ಅಪೀಲುದಾರನೇ ನನ್ನ ಮುಂದೆ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ.'

"ಸರಿಯಾಗೇ ಬರ್ಕಂಡವ್ರೆ," ಎಂದರು ಅವರು. "ನಾನೇ ಹೇಳಿದ್ದು."

ಈರಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೇಸು ಶುರುವಾದಂದಿನಿಂದ ಆ ವಿಷಯದಲ್ಲಿ ಅವಳು ಬಾಯಿ ಬಿಟ್ಟಿದ್ದನ್ನು ನಾನು ಕೇಳಿರಲಿಲ್ಲ.

"ಎಲ್ಲಾಕ್ಕೂ ಬತ್ತದೆ ಅಂದ್ರಾ?" ಎಂದಳು.

ಅವಳು ಒಳಗೆ ಹೋಗಿ ಮಣೆ ತಂದು ಹಾಕಿದಳು. ತಟ್ಟೆ ತಂದಳು. ಹಬೆಯಾಡುವ ಮುದ್ದೆ, ಬಟ್ಟಲಲ್ಲಿ ಸೊಪ್ಪಿನ ಸಾರು. ಎಲ್ಲವನ್ನೂ ಅವರ ಮುಂದಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಎದುರಿಗೆ ಕೂರದೆ ಗೋಡೆಗೆ ಒರಗಿ ನಿಂತಳು.

"ತುಮಕೂರ್ನಾಗೆ ಅಂಗೆ ಆರ್ಡ್ರು ಆಗೈತೆ. ಉಣ್ಣಿ ಮತ್ತೆ."

ನಾನು ಎದ್ದೆ.

"ಕೂತ್ಕ ಮಗ," ಎಂದಳು. "ಓದಿರೋಳು ಒಬ್ಬಳಾರ ನೋಡ್ಲಿ."

ಅವರು ಮಣೆಯ ಮೇಲೆ ಕೂತರು. ಹಟವೋ ಅವಮಾನವೋ, ಬಲಗೈಯನ್ನೇ ತಟ್ಟೆಗೆ ಚಾಚಿದರು. ಮುದ್ದೆಯ ಅಂಚನ್ನು ಆ ಮರದ ಬೆರಳುಗಳಿಂದ ಒತ್ತಿದರು. ಅದು ಜಾರಿತು. ಮತ್ತೆ ಒತ್ತಿದರು. ಒಂದು ಚೂರು ಮುರಿಯಿತು. ಬಟ್ಟಲಿನವರೆಗೆ ಹೋಯಿತು, ಮೇಲೆದ್ದಿತು, ಬಾಯಿಯ ಹತ್ತಿರ ಬರುವಾಗ ಕಳಚಿ, ಒಂದು ಚುಕ್ಕೆ ಮಸಿ ಕಾಣದ ಆ ಕೋಟಿನ ಮೇಲೆ ಬಿತ್ತು. ಸಾರು ಗುಂಡಿಗಳ ಮೇಲಿಂದ ಇಳಿಯಿತು. ಅವರು ಇನ್ನೊಂದು ಚೂರಿಗೆ ಕೈ ಹಾಕಿದರು.

"ಸಾಕು ಬುಡಿ," ಎಂದಳು ಈರಕ್ಕ. ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮೊದಲು ಕೋಟು ಒರೆಸಿದಳು, ಆಮೇಲೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮುದ್ದೆ ಮುರಿಯುತ್ತ ನನ್ನ ಕಡೆಗೆ ತಿರುಗದೆಯೇ ಹೇಳಿದಳು. "ಈಗ ಕಂಡ್ಯಲ್ಲ ಮಗ, ಇದನ್ನ ಇಂಗ್ಲಿಷ್ನಾಗೆ ಬರ್ದು ಆ ಜಡ್ಜಿಗೆ ಕಳ್ಸು."

"ಬರೀತೀನಿ ಈರಕ್ಕ," ಎಂದೆ. ನಿಜವಾಗಿ ಬರೆಯುವವಳಿದ್ದೆ.

ನಕಲಪ್ಪನವರು ಬಾಯಲ್ಲಿದ್ದ ತುತ್ತನ್ನು ನುಂಗಿ, ಕಣ್ಣು ತೆರೆದರು.

"ಬ್ಯಾಡ ಕಣವ್ವ," ಎಂದರು. "ನಿನ್ನ ಅಕ್ಸರ ಚೆನ್ನಾಗಿಲ್ಲ."